ಬಂಗಾರದ ಎಲೆ ನೋಡಿ ಮರುಳಾಗಬೇಡ್ರಿ

ಹೊಲದಾಗ ಮನೆ ಕಟ್ಟಿಸಿದವರು ಈಗ ಅಂಗಳಕ್ಕೂ ಹಾಸು ಬಳ್ಳಿ ಹುಡುಕಾಕತ್ತಾರ. ಮೊಬೈಲ್‌ನಲ್ಲಿ ‘ಗೋಲ್ಡನ್ ಕ್ರೀಪಿಂಗ್ ಜೆನ್ನಿ’ ಫೋಟೊ ನೋಡಿ ಆರ್ಡರ್ ಮಾಡುವ ಮುಂಚೆ ಸ್ವಲ್ಪ ತಡೀರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಕ್ಕೆ ಇದು ಹೊಂದುವ ಗಿಡ ಅಲ್ಲ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಇದು ಯುರೋಪಿನ ಹಸಿ ಜಾಗದ ಗಿಡ. ತಂಪು ಹವಾ, ಆರದ ಮಣ್ಣು ಬೇಕು. ಬಂಗಾರ ಬಣ್ಣದ ಎಲೆಯಲ್ಲಿ ಪತ್ರಹರಿತ್ತು ಕಡಿಮೆ, ಹೀಗಾಗಿ ಕಡು ಬಿಸಿಲಿಗೆ ಸುಡುತ್ತದೆ. ನೆರಳಿಗೆ ಹಚ್ಚಿದರೆ ಬಂಗಾರ ಹೋಗಿ ಹಸಿರಾಗುತ್ತದೆ. ಬ್ಯಾಸಗಿಯಲ್ಲಿ ದ್ರಾಕ್ಷಿಗೇ ನೀರು ಸಾಲದ ಅಥಣಿ ಕಡೆ ಅಂಗಳದ ಚಂದಕ್ಕ ದಿನಾ ನೀರು ಬಿಡೋದು ಯಾವ ಲೆಕ್ಕ?

ಇನ್ನೊಂದು ವೆಡೇಲಿಯಾ. ಹಳದಿ ಹೂವು, ಅಗ್ಗ, ಎಲ್ಲೆಂದರಲ್ಲಿ ಬೆಳೆಯುತ್ತದೆ. ನನಗ ಅಂಜಿಕೆ ಇರೋದೇ ಅದಕ್ಕ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೈತಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಕತ್ತರಿಸಿ ಎಸೆದ ತುಂಡೂ ಚಿಗುರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಏನೇನು ಹೊತ್ತು ತಂದವು ಅಂತ ದಂಡೆಯವರಿಗೆ ಹೇಳಬೇಕಿಲ್ಲ. ನಿಮ್ಮ ಅಂಗಳದ ತುಂಡು ಕಾಲುವೆಗೆ ಬಿದ್ದರೆ ಕೆಳಗಿನವರ ಕಬ್ಬಿನ ಒಡ್ಡಿಗೆ ಕಳೆಯಾಗಿ ಹತ್ತುತ್ತದೆ. ಕಳೆ ತೆಗೆಸುವ ರೊಕ್ಕ ಅವರದು.

ಹಂಗಾದ್ರ ಏನು ಹಚ್ಚಬೇಕು? ಬಂಗಾರದ ಎಲೆಯೇ ಬೇಕಂದ್ರ ಅಲಂಕಾರಿಕ ಗೆಣಸಿನ ಬಳ್ಳಿ ನೋಡ್ರಿ. ಗೆಣಸು ನಮ್ಮ ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಬಳ್ಳಿಯ ತುಂಡಿನಿಂದಲೇ ಹತ್ತುತ್ತದೆ. ತೆಂಗು, ಮಾವಿನ ಬುಡಕ್ಕೆ ಕಾಯಂ ಹೊದಿಕೆ ಬೇಕಾದರೆ ಬ್ರೆಜಿಲ್ ಮೂಲದ ಪಿಂಟೊ ಶೇಂಗಾ ಒಳ್ಳೆಯದು. ಎಲೆ ಹಸಿರು, ಹೂವು ಬಂಗಾರ. ಶೇಂಗಾದ ಜಾತಿಯೇ ಆದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಮಳೆಗಾಲ ಹಿಡಿದ ಮೇಲೆ ತುಂಡು ಹಚ್ಚಿ, ಬೇರು ಹಿಡಿಯುವ ತನಕ ಕಳೆ ತೆಗೀರಿ. ಸುಣ್ಣ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಶೇಂಗಾ ಎಲೆ ಕಬ್ಬಿಣದ ಕೊರತೆಯಿಂದ ಹಳದಿ ಆಗೋದು ನಿಮಗ ಗೊತ್ತೈತಿ, ಅದಕ್ಕ ಮೊದಲು ಒಂದು ಮಡಿಯಷ್ಟೇ ಹಚ್ಚಿ ನೋಡ್ರಿ.

ನೀರೇ ಇಲ್ಲದ ಕಡೆ ಬಳ್ಳಿಯ ಗೊಡವೆಯೇ ಬ್ಯಾಡ. ಸುಡುವ ಕಬ್ಬಿನ ರವದಿಯನ್ನು ಗಿಡದ ಬುಡಕ್ಕೆ ಹಾಸ್ರಿ. ಅದೂ ಬಂಗಾರದ ಬಣ್ಣದ್ದೇ, ನೀರು ಕೇಳೋದಿಲ್ಲ, ಮಣ್ಣಿನ ಹಸಿಯನ್ನೂ ಉಳಿಸುತ್ತದೆ.