ಅನ್ನವುಂಟು, ಅಂಶವಿಲ್ಲ

ಅಂಗವಿಕಲರ ಹಕ್ಕುಗಳನ್ನು ಕುರಿತು ವಿಶ್ವಸಂಸ್ಥೆಯು 2006ನೆಯ ಡಿಸೆಂಬರ್ 13ರಂದು ಅಂಗೀಕರಿಸಿದ ಒಡಂಬಡಿಕೆಯ ಮಾತೆತ್ತಿದೊಡನೆ ನಮ್ಮ ಹೊನ್ನಾಳಿ ಸೀಮೆಯ ವಿದ್ಯಾವಂತರಲ್ಲಿಯೂ ಕೆಲವರು ಹುಬ್ಬು ಗಂಟಿಕ್ಕುವುದುಂಟು. “ದಯೆಯನ್ನು ನಮಗೆ ಪರದೇಶದವರು ಕಲಿಸಬೇಕೆ? ಕುರುಡನನ್ನು ಕೈಹಿಡಿದು ನಡೆಸುವುದು, ಹೆಳವನಿಗೆ ಅನ್ನವಿಕ್ಕುವುದು ನಮ್ಮ ಮನೆಮನೆಯ ಧರ್ಮವಲ್ಲವೆ?” ಎಂಬುದು ಅವರ ಆಕ್ಷೇಪ. ಅನ್ನವಿಕ್ಕಿದ್ದನ್ನು ನಾನು ಅಲ್ಲಗಳೆಯೆನು. ಆದರೆ ಅನ್ನವಿಕ್ಕುತ್ತ ಏನನ್ನು ಕಿತ್ತುಕೊಂಡೆವೆಂಬುದನ್ನೂ ವಿಚಾರಿಸಬೇಡವೆ?

ಧರ್ಮದ ಹೆಸರೆತ್ತಿದವರು ಧರ್ಮಶಾಸ್ತ್ರವನ್ನೇ ತೆರೆದು ನೋಡಲಿ. ಮನುವೂ ಯಾಜ್ಞವಲ್ಕ್ಯನೂ ಕುರುಡ, ಹುಚ್ಚ, ಜಡ ಮೊದಲಾದವರನ್ನು ಪಿತೃಧನದ ಭಾಗದಿಂದ ಹೊರಗಿಟ್ಟು, ಅವರನ್ನು ಪೋಷಿಸತಕ್ಕದ್ದೆಂದು ವಿಧಿಸಿದರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಚಿಕಿತ್ಸೆಯಿಂದ ದೋಷ ನೀಗಿದವನಿಗೆ ಭಾಗ ಕೊಡಿಸಿದನಾದರೂ ಮೂಲನಿಯಮವನ್ನು ಕೀಳಲಿಲ್ಲ. ಶಾಸ್ತ್ರದ ಎರಡು ಪದಗಳಲ್ಲಿ ಎಲ್ಲವೂ ಅಡಗಿದೆ: ಭರ್ತವ್ಯ, ನಿರಂಶಕ. ಸಾಕಬೇಕಾದವನು, ಆದರೆ ಪಾಲಿಲ್ಲದವನು. ಈ ನಿರಂಶಕತ್ವವನ್ನು ಆಸ್ತಿಯ ವಿಷಯದಲ್ಲಿ ಪೂರ್ತಿಯಾಗಿ ತೊಡೆದುಹಾಕಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಬರಬೇಕಾಯಿತು.

ಆಸ್ತಿಯಲ್ಲಿ ಹೋದದ್ದು ಊರಿನಲ್ಲಿ ಹೋಗಿದೆಯೆ? ಗಾಲಿಕುರ್ಚಿಯವನೊಬ್ಬನು ಕಛೇರಿಯ ಮೆಟ್ಟಿಲ ಕೆಳಗೆ ಕಾದಿದ್ದು, ಗುಮಾಸ್ತನು ಇಳಿದುಬಂದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ ಅದನ್ನು ಉಪಕಾರವೆನ್ನುತ್ತೇವೆ. ಗುಮಾಸ್ತನಿಗೆ ಆ ದಿನ ಬಿಡುವಿಲ್ಲದಿದ್ದರೆ ಅವನು ಬಂದ ದಾರಿ ಹಿಡಿಯತಕ್ಕವನೇ. ಸನ್ನೆಭಾಷೆ ಬಲ್ಲವರಿಲ್ಲದ ಗ್ರಾಮಸಭೆಯಲ್ಲಿ ಕಿವುಡನು ಕುಳಿತಿದ್ದರೂ ಇಲ್ಲದವನೇ. ಇದು ಅನ್ನವಿಕ್ಕಿ ಅಂಶ ತಪ್ಪಿಸುವ ಹಳೆಯ ನ್ಯಾಯವಲ್ಲದೆ ಮತ್ತೇನು? (ಸರ್ಕಾರವು ಈ ಜನರಿಗಿತ್ತ “ವಿಕಲಚೇತನ” ಎಂಬ ಹೆಸರು ಇನ್ನೂ ವಿಚಿತ್ರವಾದುದು. ಕುಂದಿರುವುದು ಕಾಲಿನಲ್ಲಿ, ಕಣ್ಣಿನಲ್ಲಿ. ಸಂಸ್ಕೃತ ಬಲ್ಲವರಿಗೆ ಆ ಪದವು ಚೇತನವೇ ಕುಂದಿದೆಯೆಂದು ಹೇಳುತ್ತದೆ!)

ಒಡಂಬಡಿಕೆಯನ್ನು ನಮ್ಮ ಮೇಲೆ ಯಾರೂ ಹೇರಿದ್ದಲ್ಲ. ರುಜುವಿಗಾಗಿ ಅದನ್ನು ತೆರೆದಿಟ್ಟ ಮೊದಲ ದಿನವೇ, 2007ರ ಮಾರ್ಚ್ 30ರಂದು, ಭಾರತವು ರುಜು ಹಾಕಿತು. ಅದೇ ವರ್ಷ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಅದರ ಫಲವಾಗಿ 2016ರ ಕಾಯಿದೆ ಹುಟ್ಟಿತು. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರೂ ಪ್ರವೇಶಿಸುವಂತೆ ಮಾರ್ಪಡಿಸಬೇಕೆಂದು ಆ ಕಾಯಿದೆಯ ಆಜ್ಞೆ. ನಿಯಮಗಳು 2017ರಲ್ಲಿ ಹೊರಬಂದುವು. ಗಡುವು 2022ಕ್ಕೆ ತೀರಿತು. ಆ ನಿಯಮಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಹಣವೆಲ್ಲಿದೆಯೆಂದು ಕೇಳುವವರು ಮೆಟ್ಟಿಲು ಕಟ್ಟಿಸುವಾಗ ಆ ಪ್ರಶ್ನೆಯನ್ನು ಕೇಳಿದ್ದನ್ನು ನಾನು ಕಾಣೆ.

ಸ್ವದೇಶದ ಆಡಳಿತವು ಹೀಗೆ ಅಲಕ್ಷ್ಯ ಮಾಡುವಾಗಲೇ ಹೊರಗಿನ ಸಾಕ್ಷಿಯೊಂದು ಬೇಕಾಗುವುದು. ಒಡಂಬಡಿಕೆಗೆ ಜೋಡಿಸಿದ ಐಚ್ಛಿಕ ಅನುಬಂಧವೊಂದುಂಟು. ಅದನ್ನು ಒಪ್ಪಿದ ದೇಶದ ಪ್ರಜೆಯು ತನ್ನ ನಾಡಿನ ಬಾಗಿಲುಗಳನ್ನೆಲ್ಲ ತಟ್ಟಿ ಸೋತಮೇಲೆ ಜಿನೀವಾದ ತಜ್ಞರ ಸಮಿತಿಗೆ ತಾನೇ ದೂರು ಬರೆಯಬಹುದು. ಭಾರತವು ಇದನ್ನು ಒಪ್ಪಿಲ್ಲ. ಅದೇ ಸಮಿತಿಯ ಮುಂದೆ 2019ರಲ್ಲಿ ನಮ್ಮ ಸರ್ಕಾರದ ವರದಿಯ ಪರಿಶೀಲನೆ ನಡೆಯಿತು. ಸರ್ಕಾರದ ಮಾತಿಗೆ ಅಲ್ಲಿ ಎಡೆಯುಂಟು, ಮೆಟ್ಟಿಲ ಕೆಳಗೆ ಕಾದವನ ದೂರಿಗೆ ಇಲ್ಲ. ನೇಪಾಳ, ಬಾಂಗ್ಲಾದೇಶಗಳು ಒಪ್ಪಿದ ಈ ಅನುಬಂಧಕ್ಕೆ ಭಾರತವು ಇನ್ನೂ ಏಕೆ ರುಜು ಹಾಕಿಲ್ಲವೆಂದು, ಲೋಕಸಭೆಗೆ ಮತ ಬೇಡಿ ಬಾಗಿಲಿಗೆ ಬರುವವರನ್ನು ವಾಚಕ ಮಹಾಶಯರು ಕೇಳಲಿ.