ಮರೆತುಬಿಡು ಅನ್ನೋ ಮೊದಲು

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗೋ ಸಲಹೆ ಒಂದೇ: "ಆಗಿದ್ದು ಆಗಿಹೋಯ್ತು, ಮರೆತುಬಿಡು. ಯಾರ ಹತ್ರಾನೂ ಹೇಳ್ಬೇಡ." ಹೇಳುವವರು ಕೆಟ್ಟವರೇನಲ್ಲ. ಅಮ್ಮ, ದೊಡ್ಡಮ್ಮ, ಅತ್ತಿಗೆ, ಎಲ್ಲರೂ ಅವಳ ಒಳ್ಳೇದಕ್ಕೇ ಅಂತ ಹೇಳ್ತಾರೆ. ಆದರೆ ತಿಂಗಳುಗಟ್ಟಲೆ ಕಳೆದರೂ ಕೆಟ್ಟ ಕನಸು ನಿಲ್ಲಲ್ಲ. ಹಿಂದಿನಿಂದ ಯಾರೋ ನಡೆದು ಬಂದರೆ ಎದೆ ಡವಡವ ಅನ್ನುತ್ತೆ. ಆ ರಸ್ತೆ, ಆ ಬಣ್ಣದ ಅಂಗಿ, ಆ ಸೆಂಟಿನ ವಾಸನೆ ಯಾವುದೂ ಬೇಡ ಅನ್ನಿಸಿ ಓಡಾಟವೇ ಕಡಿಮೆಯಾಗುತ್ತೆ. ವೈದ್ಯರು ಇದನ್ನು ಪಿಟಿಎಸ್‌ಡಿ ಅಂತಾರೆ.

ಇದಕ್ಕೆ ಚಿಕಿತ್ಸೆ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂಥದ್ದರಲ್ಲಿ ಒಂದು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಚಿಕ್ಕದಾಗಿ ಸಿಪಿಟಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ರೆಸಿಕ್ ಇದನ್ನು ಮೊದಲು ರೂಪಿಸಿದ್ದೇ ಅತ್ಯಾಚಾರಕ್ಕೆ ಒಳಗಾದವರಿಗಾಗಿ. ಯುದ್ಧದಿಂದ ಮರಳಿದ ಸೈನಿಕರಿಗೆ ಬಳಸಿದ್ದು ಆಮೇಲೆ. ಸಾಮಾನ್ಯವಾಗಿ 12 ಭೇಟಿ.

ಥೆರಪಿ ಅಂದ್ರೆ ನಡೆದದ್ದನ್ನೆಲ್ಲ ಮತ್ತೆ ಮತ್ತೆ ಬಾಯಿಬಿಟ್ಟು ಹೇಳಬೇಕು ಅಂತ ಹೆದರುವವರಿದ್ದಾರೆ. ಸಿಪಿಟಿಯಲ್ಲಿ ಆ ಒತ್ತಾಯ ಇಲ್ಲ. ಮೊದಲ ಮನೆಪಾಠವೇ ಬೇರೆ: "ಇದು ನನಗೆ ಯಾಕಾಯ್ತು ಅಂತ ನಾನು ಅಂದುಕೊಂಡಿದ್ದೇನೆ? ಇದರಿಂದ ನನ್ನ ಬಗ್ಗೆ, ಜನರ ಬಗ್ಗೆ ನನ್ನ ನಂಬಿಕೆ ಹೇಗೆ ಬದಲಾಯ್ತು?" ಇದನ್ನು ಬರೆದು ತರಬೇಕು. ಆ ಹಾಳೆಯಲ್ಲಿ ಸಿಕ್ಕಿಕೊಂಡ ವಾಕ್ಯಗಳು ಹೊರಬರುತ್ತವೆ. "ನಾನು ಅವನ ಗಾಡಿ ಹತ್ತಬಾರದಿತ್ತು." "ನಾನ್ಯಾಕೆ ಕೂಗಲಿಲ್ಲ?"

ಆ ಎರಡನೇ ವಾಕ್ಯ ತುಂಬಾ ಜನರನ್ನು ಒಳಗೊಳಗೇ ಕೊಲ್ಲುತ್ತೆ. ಪೊಲೀಸರು ಕೇಳ್ತಾರೆ, ವಕೀಲರು ಕೇಳ್ತಾರೆ, ಕೊನೆಗೆ ಅವಳೇ ತನ್ನನ್ನು ಕೇಳಿಕೊಳ್ತಾಳೆ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಅವರಲ್ಲಿ ಶೇ. 70ರಷ್ಟು ಮಂದಿ ಆ ಹೊತ್ತಿನಲ್ಲಿ ಕೈಕಾಲು ಆಡದೆ, ದನಿ ಹೊರಡದೆ ಮರಗಟ್ಟಿದ ಸ್ಥಿತಿಗೆ ಹೋಗಿದ್ದರು. ಅದು ಒಪ್ಪಿಗೆಯಲ್ಲ, ಹೇಡಿತನವೂ ಅಲ್ಲ. ವಿಪರೀತ ಭಯಕ್ಕೆ ಶರೀರ ತಾನಾಗೇ ಕೊಡೋ ಪ್ರತಿಕ್ರಿಯೆ. ಥೆರಪಿಸ್ಟ್ "ನಿನ್ನ ತಪ್ಪಿಲ್ಲಮ್ಮ" ಅಂತ ತಲೆ ಸವರಿ ಕಳಿಸಲ್ಲ. ಆ ಕ್ಷಣದಲ್ಲಿ ನಿಮಗೆ ಏನೇನು ಗೊತ್ತಿತ್ತು, ಬೇರೆ ಯಾವ ದಾರಿ ನಿಜವಾಗಲೂ ಇತ್ತು, ನಿರ್ಧಾರ ಮಾಡಿದ್ದು ಯಾರು ಅಂತ ಒಂದೊಂದೇ ಪ್ರಶ್ನೆ ಕೇಳ್ತಾ ಹೋಗ್ತಾರೆ. ಉತ್ತರ ಅವಳ ಬಾಯಿಂದಲೇ ಬರಬೇಕು. ನನಗೆ ಈ ಪದ್ಧತಿ ಹಿಡಿಸಿದ್ದೇ ಇದಕ್ಕೆ.

ಇದೆಲ್ಲ ಓದು ಬರಹ ಇರೋ ಸಿಟಿಯವರಿಗೆ ಸರಿ ಅನ್ನಬಹುದು. ಪೂರ್ವ ಕಾಂಗೋ ನೋಡಿ. ಯುದ್ಧದಿಂದ ನಲುಗಿದ ಆ ಹಳ್ಳಿಗಳಲ್ಲಿ ಸ್ಥಳೀಯ ಸಹಾಯಕಿಯರಿಗೇ ತರಬೇತಿ ಕೊಟ್ಟು, ಗುಂಪಿನಲ್ಲಿ ಸಿಪಿಟಿ ನಡೆಸಿದರು. ಎಷ್ಟೋ ಹೆಂಗಸರಿಗೆ ಓದಲು ಬಾರದು, ಹಾಗಾಗಿ ಹಾಳೆಯಲ್ಲಿ ಬರೆಯಬೇಕಾದ್ದನ್ನು ಬಾಯಿಪಾಠ ಮಾಡಿಸಿದರು. ಮುಗಿದ ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕದ ಲಕ್ಷಣಗಳು ತೀವ್ರವಾಗಿ ಉಳಿದಿದ್ದು ಈ ಗುಂಪಿನ ಶೇ. 9 ಮಂದಿಯಲ್ಲಿ. ಬರೀ ವೈಯಕ್ತಿಕ ಸಾಂತ್ವನ, ಬೆಂಬಲ ಪಡೆದವರಲ್ಲಿ ಅದು ಶೇ. 42. ಇದು 2013ರಲ್ಲಿ ಪ್ರಕಟವಾದ ಫಲಿತಾಂಶ.

ಹಾಗಂತ ಎಲ್ಲರನ್ನೂ ಮಾರನೇ ದಿನವೇ ಥೆರಪಿಗೆ ಎಳೆದುಕೊಂಡು ಹೋಗಬೇಕಿಲ್ಲ. ಮೊದಲ ವಾರಗಳಲ್ಲಿ ಬೇಕಾಗೋದು ವೈದ್ಯರ ಆರೈಕೆ, ಸುರಕ್ಷಿತ ಜಾಗ, ನಂಬುವ ಒಬ್ಬರು. ಹಲವರು ಕೆಲವು ತಿಂಗಳಲ್ಲಿ ತಾವಾಗೇ ಚೇತರಿಸಿಕೊಳ್ತಾರೆ. ನಿದ್ದೆ, ಊಟ, ಕೆಲಸ ತಿಂಗಳು ದಾಟಿದರೂ ಹಳಿಗೆ ಬರದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗಿ. ಆಘಾತಕ್ಕೆ ಚಿಕಿತ್ಸೆ ಕೊಡೋ ತರಬೇತಿ ಇದೆಯಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416 ಇದೆ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಜೊತೆಗಿರುವ ಅಕ್ಕ, ಗಂಡ, ಗೆಳತಿ ಕೂಡ ಫೋನ್ ಮಾಡಿ ಹೇಗೆ ನಡೆದುಕೊಳ್ಳಬೇಕು ಅಂತ ಕೇಳಬಹುದು.