ವಚನ ಬಾಯಿಗೆ ಬರುತ್ತೆ, ಅಧ್ಯಾಯ ಗೊತ್ತಿಲ್ಲ!

ಡಿಸೆಂಬರ್ 31ರ ರಾತ್ರಿ ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಹನ್ನೆರಡು ಹೊಡೆದು, ಎಲ್ಲರೂ ಕೈ ಕುಲುಕಿ ಮುಗಿದ ಮೇಲೆ ಸಾಲಾಗಿ ಮುಂದೆ ಹೋಗಿ ಒಂದು ಬುಟ್ಟಿಯಿಂದ ಒಂದೊಂದು ಕಾರ್ಡು ತಗೋತೀವಿ. ವಾಗ್ದಾನದ ಕಾರ್ಡು ಅಂತಾರೆ. ಅದರಲ್ಲಿ ಬೈಬಲ್ಲಿನ ಒಂದು ವಚನ ಅಚ್ಚಾಗಿರುತ್ತೆ. (ಬಸವಣ್ಣನವರ ವಚನ ಅಲ್ಲ. ಬೈಬಲ್ಲಿನ ವಾಕ್ಯಕ್ಕೂ ನಾವು ವಚನ ಅಂತಲೇ ಅನ್ನೋದು.) ಯಾರಿಗೆ ಯಾವ ಕಾರ್ಡು ಬಂತೋ ಅದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು ಅನ್ನೋ ನಂಬಿಕೆ. ಮನೆಗೆ ತಂದು ಫ್ರಿಜ್ಜಿನ ಮೇಲೋ ಬೈಬಲ್ಲಿನ ಒಳಗೋ ಇಟ್ಟುಕೊಳ್ಳುತ್ತೇವೆ.

ಈ ಕಾರ್ಡುಗಳಲ್ಲಿ ಎಲ್ಲರಿಗೂ ಬೇಕಾದ ಒಂದು ಕಾರ್ಡಿದೆ. ಯೆರೆಮೀಯ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಕೇಡಿನವಲ್ಲ, ಒಳ್ಳೆಯವೇ ಅಂತ ದೇವರು ಹೇಳುವ ಮಾತು ಅದು. ನಿಮಗೆ ಕ್ರಿಶ್ಚಿಯನ್ ಗೆಳೆಯರಿದ್ದರೆ ಅವರ ಮನೆಯ ಕ್ಯಾಲೆಂಡರಿನಲ್ಲೋ, ಟೀ ಕಪ್ಪಿನ ಮೇಲೋ, ವಾಟ್ಸಾಪ್ ಸ್ಟೇಟಸ್ಸಿನಲ್ಲೋ ಖಂಡಿತ ನೋಡಿರ್ತೀರಿ.

ಆ ವಚನದಿಂದ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಇವತ್ತು ಬರೀಬೇಕು ಅಂತ ಕೂತಿದ್ದೀನಿ. ತುಂಬಾ ದಿನದಿಂದ ಮುಂದೂಡ್ತಾ ಬಂದಿದ್ದೆ.

ನಾನು ವಾರದಲ್ಲಿ ಐದು ದಿನ ಕೋಡ್ ಬರೀತೀನಿ, ಭಾನುವಾರ ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಪಿಯುಸಿ ಹುಡುಗರಿಗೆ ಬೈಬಲ್ ಪಾಠ ಹೇಳ್ತೀನಿ. ನಾನೇನು ದೇವಶಾಸ್ತ್ರ ಓದಿದವನಲ್ಲ, ಓದಿದ್ದು ಇಂಜಿನಿಯರಿಂಗು. ಆದರೆ ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಬಾಯಿಪಾಠದ ಸ್ಪರ್ಧೆಯಲ್ಲಿ ಯಾವಾಗಲೂ ನಾನೇ ಫಸ್ಟು. ಒಂದು ವರ್ಷ ಐವತ್ತು ವಚನ ಒಪ್ಪಿಸಿ ಸ್ಟೀಲ್ ಟಿಫಿನ್ ಡಬ್ಬಿ ಗೆದ್ದಿದ್ದೆ, ಅಮ್ಮ ಅದನ್ನ ಇನ್ನೂ ಇಟ್ಕೊಂಡಿದ್ದಾರೆ. ಹಾಗಾಗಿ ಬೈಬಲ್ ನನಗೆ ಗೊತ್ತು ಅನ್ನೋ ಧೈರ್ಯ ಇತ್ತು.

ನನ್ನ ಕ್ಲಾಸಿನಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದ ಒಬ್ಬ ಹುಡುಗನ ಅಮ್ಮನಿಗೆ ಕ್ಯಾನ್ಸರ್ ಇತ್ತು. ಆಸ್ಪತ್ರೆ, ಕೀಮೋ, ಮನೆ, ಮತ್ತೆ ಆಸ್ಪತ್ರೆ. ಅವನು ನನ್ನ ಹತ್ರ ಬಂದು "ಅಣ್ಣಾ, ಪ್ರಾರ್ಥನೆ ಮಾಡಿ" ಅಂದಾಗ ಪ್ರಾರ್ಥನೆ ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಬೈಬಲ್ ತೆಗೆದು ಯೆರೆಮೀಯ 29:11 ತೋರಿಸಿ, "ನೋಡೋ, ಇದು ದೇವರ ವಾಗ್ದಾನ. ಅಮ್ಮ ಖಂಡಿತ ಹುಷಾರಾಗ್ತಾರೆ. ನೀನು ನಂಬು ಅಷ್ಟೇ" ಅಂದೆ. ಅವನು ಅದನ್ನ ಬರೆದುಕೊಂಡ. ಆಮೇಲೆ ಪ್ರತಿ ವಾರ ಅದೇ ವಚನ ಕಳಿಸ್ತಾ ಇದ್ದೆ, ಜೊತೆಗೆ ಸೂರ್ಯೋದಯದ ಒಂದು ಫೋಟೋ.

ಅವರಮ್ಮ ತೀರಿಕೊಂಡರು.

ಸಮಾಧಿ ಮಾಡಿ ಬಂದ ಸಂಜೆ ಅವರ ಮನೆ ಜಗುಲಿ ಮೇಲೆ ಕೂತಿದ್ವಿ. ಅವನು ಅಳ್ತಾ ಇರಲಿಲ್ಲ. ತುಂಬಾ ಮೆಲ್ಲಗೆ ಕೇಳಿದ: "ಅಣ್ಣಾ, ಆ ವಚನ ಸುಳ್ಳಾ? ಇಲ್ಲಾ ನನ್ನ ನಂಬಿಕೆ ಸಾಕಾಗ್ಲಿಲ್ವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಏನೋ ಗೊಣಗಿ ಎದ್ದು ಬಂದೆ. ಅವತ್ತು ರಾತ್ರಿ ಮನೆಗೆ ಬಂದು, ಜೀವಮಾನದಲ್ಲಿ ಮೊದಲ ಸಲ, ಯೆರೆಮೀಯ 29ನೇ ಅಧ್ಯಾಯವನ್ನ ಮೊದಲಿಂದ ಕೊನೆಯವರೆಗೂ ಓದಿದೆ. ಹೌದು, ಮೊದಲ ಸಲ! 11ನೇ ವಚನ ನನಗೆ ಆರು ವರ್ಷದವನಿದ್ದಾಗಿಂದ ಬಾಯಿಗೆ ಬರ್ತಿತ್ತು. 10ನೇ ವಚನದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ.

ಏನಿದೆ ಹೇಳ್ತೀನಿ. ಈ ಅಧ್ಯಾಯ ಅಸಲಿಗೆ ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನ ಹಿಡಿದು ರಾಜ, ರಾಜಮಾತೆ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು ಎಲ್ಲರನ್ನೂ ಸೆರೆಯಾಗಿ ಬಾಬೆಲಿಗೆ ಒಯ್ದ. ಅಲ್ಲಿ ಕೂತಿದ್ದ ಆ ಜನಕ್ಕೆ ಪ್ರವಾದಿ ಯೆರೆಮೀಯ ಊರಿಂದ ಬರೆದ ಕಾಗದ ಇದು. ಅದರಲ್ಲಿ ಹೇಳಿರೋದು ಇಷ್ಟು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆ ಆಗಿ, ಮಕ್ಕಳನ್ನ ಪಡೀರಿ, ಆ ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನ ಎಳಕೊಂಡು ಹೋದ ಆ ಊರಿಗೇ ಒಳ್ಳೇದಾಗಲಿ ಅಂತ ಪ್ರಾರ್ಥಿಸಿ. ಬೇಗ ವಾಪಸ್ ಬರ್ತೀರಿ ಅನ್ನೋ ಪ್ರವಾದಿಗಳ ಮಾತಿಗೆ ಮರುಳಾಗಬೇಡಿ. ಎಪ್ಪತ್ತು ವರ್ಷ ಆದ ಮೇಲೆ ನಿಮ್ಮನ್ನ ವಾಪಸ್ ಕರಕೊಂಡು ಬರ್ತೀನಿ. ಇದಾದ ಮೇಲೆ ಬರೋದು ನಮ್ಮ ಕಾರ್ಡಿನ 11ನೇ ವಚನ!

ಎಪ್ಪತ್ತು ವರ್ಷ ಸ್ವಾಮೀ. ಕಾಗದ ಓದಿಸಿಕೊಂಡ ನಲವತ್ತರ ಗಂಡಸಿಗೆ ಅದರ ಅರ್ಥ ಏನು? ನೀನು ಇಲ್ಲೇ ಸಾಯ್ತೀಯ, ನಿನ್ನ ಮೊಮ್ಮಕ್ಕಳು ಊರು ನೋಡ್ತಾರೆ ಅಂತ. ಬಾಬೆಲ್ ಪಾರಸಿಯ ಕೋರೆಷನ ಕೈಗೆ ಬಿದ್ದಿದ್ದು ಕ್ರಿ.ಪೂ. 539ರಲ್ಲಿ, ಯೆಹೂದ್ಯರು ಊರಿಗೆ ಹೊರಟಿದ್ದು ಅದಾದ ಮೇಲೆ. ವಾಗ್ದಾನ ಸುಳ್ಳಾಗಲಿಲ್ಲ. ಆದರೆ ಅದು "ನಿನ್ನ ಕಷ್ಟ ಈ ವರ್ಷ ಮುಗಿಯುತ್ತೆ" ಅನ್ನೋ ವಾಗ್ದಾನ ಆಗಿರಲೇ ಇಲ್ಲ.

ಇನ್ನೊಂದು ವಿಷಯ ನಮ್ಮ ಕನ್ನಡ ಬೈಬಲ್ಲಿನಿಂದಲೇ ಗೊತ್ತಾಯ್ತು. ಇಂಗ್ಲಿಷ್ ಕಾರ್ಡಿನಲ್ಲಿ "ಯೂ" ಅಂತಿರುತ್ತೆ. ಓದಿದಾಗ ದೇವರು ನನ್ನೊಬ್ಬನ ಹತ್ರ ಮಾತಾಡಿದ ಹಾಗನ್ನಿಸುತ್ತೆ. ಕನ್ನಡದಲ್ಲಿ "ನಿಮ್ಮ" ಅಂತಿದೆ. ನಮ್ಮ ಬೈಬಲ್ಲಿನಲ್ಲಿ ದೇವರು ಒಬ್ಬನ ಹತ್ರ ಮಾತಾಡುವಾಗ, ಅವನು ಅಬ್ರಹಾಮನೇ ಆಗಲಿ ಮೋಶೆಯೇ ಆಗಲಿ, "ನೀನು" ಅಂತಾನೆ. ಹಾಗಾಗಿ ಇಲ್ಲಿನ "ನಿಮ್ಮ" ಮರ್ಯಾದೆಯ ಬಹುವಚನ ಅಲ್ಲ, ನಿಜವಾದ ಬಹುವಚನ. ಮಾತು ಇಡೀ ಜನಾಂಗಕ್ಕೆ. ಮೂಲ ಹೀಬ್ರೂವಿನಲ್ಲೂ ಬಹುವಚನವೇ. ಮನೆಯಲ್ಲಿದ್ದ ಕನ್ನಡ ಬೈಬಲ್ ಗಮನವಿಟ್ಟು ಓದಿದ್ದರೆ ಸಾಕಿತ್ತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅದರ ಹಿಂದಿನ ಅಧ್ಯಾಯ. ಅಲ್ಲಿ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಬರ್ತಾನೆ. ದೇವಾಲಯದಲ್ಲಿ ಎಲ್ಲರೆದುರು, ಇನ್ನು ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂತ ದೇವರ ಹೆಸರಲ್ಲಿ ಸಾರ್ತಾನೆ. ಜನಕ್ಕೆ ಎಷ್ಟು ಖುಷಿ ಆಗಿರಬೇಡ! ಯೆರೆಮೀಯನೂ ಹಾಗೇ ಆಗಲಪ್ಪಾ ಅಂತ ಆಮೆನ್ ಹೇಳ್ತಾನೆ. ಅವನಿಗೇನು ಆಸೆ ಇರಲಿಲ್ವಾ? ಆದರೆ ಅದು ದೇವರು ಹೇಳಿದ ಮಾತಾಗಿರಲಿಲ್ಲ. ಕೊನೆಗೆ ಯೆರೆಮೀಯ ಹನನ್ಯನ ಮುಖಕ್ಕೇ ಹೇಳ್ತಾನೆ, ನೀನು ಈ ಜನ ಸುಳ್ಳನ್ನ ನಂಬೋ ಹಾಗೆ ಮಾಡಿದೆ ಅಂತ.

ನಾನು ಆ ಹುಡುಗನಿಗೆ ಓದಿ ಹೇಳಿದ್ದು ಯೆರೆಮೀಯನ ವಚನ, ಮಾಡಿದ್ದು ಹನನ್ಯನ ಕೆಲಸ. ಅದು ಅರ್ಥ ಆದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ಕೆಲವು ತಿಂಗಳು ಬಿಟ್ಟು ಅವನನ್ನ ಹುಡುಕಿಕೊಂಡು ಹೋದೆ. ಅವನು ಚರ್ಚಿಗೆ ಬರೋದು ನಿಲ್ಲಿಸಿದ್ದ. ಒಂದು ಬೇಕರಿ ಮುಂದೆ ನಿಂತು ಟೀ ಕುಡೀತಾ ಇಡೀ ಅಧ್ಯಾಯದ ಕತೆ ಹೇಳಿದೆ. "ವಚನ ಸುಳ್ಳಲ್ಲ ಕಣೋ, ನಿನ್ನ ನಂಬಿಕೇನೂ ಕಮ್ಮಿ ಇರಲಿಲ್ಲ. ನಾನು ಹೇಳಿದ್ದು ತಪ್ಪು. ಓದದೇ ಹೇಳಿದೆ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:

"ಇದನ್ನ ಅವಾಗ್ಲೇ ಹೇಳಿದ್ರೆ ಚೆನ್ನಾಗಿರ್ತಿತ್ತು ಅಣ್ಣಾ. ಹೆಂಗೂ ಹುಷಾರಾಗ್ತಾರಲ್ಲ ಅಂತ ನಾನು ಸಿಇಟಿ ಕೋಚಿಂಗಿಗೆ ಹೋಗ್ತಾ ಇದ್ದೆ. ಅಮ್ಮನ ಹತ್ರ ಕೂತ್ಕೊಳ್ಲೇ ಇಲ್ಲ."

ಬಾಬೆಲಿನ ಜನಕ್ಕೆ ಯೆರೆಮೀಯ ಯಾಕೆ ಅಷ್ಟು ಒತ್ತಿ ಬರೆದ ಅಂತ ನನಗೆ ಅರ್ಥ ಆಗಿದ್ದು ಆ ಬೇಕರಿ ಮುಂದೆ. ಎರಡೇ ವರ್ಷ ಅಂತ ನಂಬಿದವನು ಗಂಟುಮೂಟೆ ಕಟ್ಟಿಟ್ಟುಕೊಂಡು ಕಾಯ್ತಾನೆ. ಮನೆ ಕಟ್ಟಲ್ಲ, ಗಿಡ ನೆಡಲ್ಲ, ಎದುರಿಗಿರೋ ದಿನಗಳನ್ನ ಬದುಕಲ್ಲ. ಸುಳ್ಳು ಸಮಾಧಾನ ಬರೀ ಸುಳ್ಳಾಗಿದ್ದರೆ ಪರವಾಗಿರಲಿಲ್ಲ, ಅದು ಇರೋ ಸಮಯವನ್ನೂ ಕಿತ್ಕೊಳ್ಳುತ್ತೆ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ನಮ್ಮಲ್ಲಿ ವಚನ ಕಲಿಸ್ತಾರೆ, ಓದೋದು ಕಲಿಸಲ್ಲ. ಯೇಸು ಕೊನೆಯಲ್ಲಿ ಶಿಷ್ಯರಿಗೆ ಕೊಟ್ಟ ಕೆಲಸ (ಮತ್ತಾಯ 28ರಲ್ಲಿದೆ) ಎಲ್ಲ ಜನಾಂಗಗಳನ್ನ ಶಿಷ್ಯರನ್ನಾಗಿ ಮಾಡಿ, ನಾನು ಹೇಳಿದ್ದನ್ನೆಲ್ಲ ಕಾಪಾಡಿಕೊಳ್ಳೋಕೆ ಅವರಿಗೆ ಕಲಿಸಿ ಅನ್ನೋದು. ಫಾರ್ವರ್ಡ್ ಮಾಡಿ ಅಂತಲ್ಲ! ವಚನ ಸರಿಯಾಗಿ ಒಪ್ಪಿಸೋದೇ ದೊಡ್ಡದು ಅನ್ನೋದಾದರೆ ಸೈತಾನನೂ ಪಾಸಾಗ್ತಾನೆ. ಅಡವಿಯಲ್ಲಿ ಯೇಸುವನ್ನ ಪರೀಕ್ಷಿಸುವಾಗ ಅವನು 91ನೇ ಕೀರ್ತನೆಯ ಮಾತನ್ನೇ ಹೇಳ್ತಾನೆ. ದೇವದೂತರು ನಿನ್ನನ್ನ ಎತ್ತಿಕೊಳ್ತಾರಂತೆ, ಗೋಪುರದಿಂದ ಧುಮುಕು ಅಂತ. ಆ ಕೀರ್ತನೆಯೂ ನಮ್ಮ ಕ್ಯಾಲೆಂಡರುಗಳಲ್ಲಿ ತುಂಬಾ ಫೇಮಸ್ಸು.

ಒಂದು ಸ್ವಾರಸ್ಯ ಗೊತ್ತಾ? ಬೈಬಲ್ ಬರೆದವರು ಯಾರೂ ನಂಬರು ಹಾಕಿರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ ಆಗಿದ್ದು 13ನೇ ಶತಮಾನದಲ್ಲಿ. ವಾಕ್ಯ ಎಲ್ಲಿ ಮುಗಿಯುತ್ತೆ ಅನ್ನೋ ಗುರುತು ಯೆಹೂದ್ಯರ ಗ್ರಂಥಗಳಲ್ಲಿ ಮೊದಲೇ ಇದ್ದರೂ, ಹೊಸ ಒಡಂಬಡಿಕೆಗೆ ಇವತ್ತಿನ ವಚನ ಸಂಖ್ಯೆ ಹಾಕಿ ಅಚ್ಚು ಮಾಡಿದ್ದು ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕ, 1551ರಲ್ಲಿ. ಹುಡುಕೋಕೆ ಸುಲಭ ಆಗಲಿ ಅಂತ ಹಾಕಿದ ನಂಬರುಗಳನ್ನ ನಾವು ಕತ್ತರಿಸೋಕೆ ಬಳಸ್ತಾ ಇದ್ದೀವಿ.

ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಇಂಟರ್ನೆಟ್ಟಿನಿಂದ ನಾಲ್ಕು ಸಾಲು ಕೋಡ್ ಕಾಪಿ ಮಾಡಿ ಹಾಕ್ತೀವಿ. ಡೆಮೋದಲ್ಲಿ ಓಡುತ್ತೆ. ನಿಜವಾದ ಬಳಕೆದಾರರು ಬಂದ ದಿನ ಕುಸಿದು ಬೀಳುತ್ತೆ. ಆಗ "ಇದು ಏನು ಮಾಡುತ್ತೆ?" ಅಂತ ಮ್ಯಾನೇಜರ್ ಕೇಳಿದರೆ ಬೆಬ್ಬೆಬ್ಬೆ. ಕಾಪಿ ಮಾಡಿದ ಕೋಡಿನ ಬಗ್ಗೆ ರಿವ್ಯೂನಲ್ಲಿ ಅಷ್ಟು ತಲೆ ತಿನ್ನೋ ನಾನು, ಒಬ್ಬ ಹುಡುಗನ ಅಮ್ಮನ ವಿಷಯದಲ್ಲಿ ಅಷ್ಟೂ ಎಚ್ಚರ ವಹಿಸಲಿಲ್ಲ. ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಒಂದೇ ಮಾತಿನಲ್ಲಿ ನಾಲ್ಕು ತಲೆಮಾರು ಬರುತ್ತೆ: ನನ್ನಿಂದ ಕೇಳಿದ್ದನ್ನ ನೀನು ನಂಬಿಗಸ್ತರಿಗೆ ಒಪ್ಪಿಸು, ಅವರು ಬೇರೆಯವರಿಗೆ ಕಲಿಸಲಿ ಅಂತ. ಸರಿ ಇದ್ದದ್ದು ಹೀಗೆ ದಾಟುತ್ತೆ, ನನ್ನ ತಪ್ಪೂ ಹೀಗೇ ದಾಟುತ್ತೆ.

"ಹಾಗಾದರೆ ಎಲ್ಲರೂ ಹೀಬ್ರೂ, ಗ್ರೀಕ್ ಕಲೀಬೇಕಾ? ಪವಿತ್ರಾತ್ಮ ಒಂದೇ ವಚನದಿಂದ ಮಾತಾಡೋಕೆ ಆಗಲ್ವಾ?" ಅಂತ ಚರ್ಚಿನಲ್ಲಿ ಒಬ್ಬ ಅಂಕಲ್ ನನ್ನನ್ನ ಕೇಳಿದರು. ಆಗುತ್ತೆ, ಖಂಡಿತ. ಆದರೆ ಆ ಆತ್ಮನೇ ಫಿಲಿಪ್ಪನನ್ನ ಐಥಿಯೋಪ್ಯದ ಅಧಿಕಾರಿಯ ರಥದ ಹತ್ರ ಕಳಿಸಿದ್ದು. ಆ ಮನುಷ್ಯ ಯೆಶಾಯನ ಪುಸ್ತಕ ಓದ್ತಾ ಇದ್ದ. ಫಿಲಿಪ್ಪ ಕೇಳಿದ ಮೊದಲ ಪ್ರಶ್ನೆಯೇ ಓದ್ತಿರೋದು ಅರ್ಥ ಆಗ್ತಿದೆಯಾ ಅನ್ನೋದು. ಆಮೇಲೆ ರಥ ಹತ್ತಿ, ಪಕ್ಕದಲ್ಲಿ ಕೂತು, ಅವನು ಓದ್ತಿದ್ದ ಜಾಗದಿಂದಲೇ ಶುರು ಮಾಡಿ ವಿವರಿಸಿದ. ಅಪೊಲ್ಲೋಸ ಒಳ್ಳೆ ವಾಗ್ಮಿ, ಶಾಸ್ತ್ರದಲ್ಲಿ ಪಂಡಿತ. ಆದರೂ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗುಡಾರ ಹೊಲಿಯೋ ದಂಪತಿ ಅವನನ್ನ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ತಿಳಿಸಿದರು, ಅವನೂ ಕೇಳಿಸಿಕೊಂಡ.

ನಮ್ಮ ನಾಡಲ್ಲೇ ನೋಡಿ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಸುವಾರ್ತೆ ಸಾರೋಕೆ ಅಂತ 1853ರಲ್ಲಿ ಬಂದವರು. ಬಂದು ಬರೀ ವಚನ ಹಂಚಲಿಲ್ಲ. ಜನರ ಮಾತು, ಹಾಡು, ಛಂದಸ್ಸು ಕಲಿತರು. 1862ರಲ್ಲಿ ಯೇಸುವಿನ ಕತೆಯನ್ನ ಕನ್ನಡದ ಮಟ್ಟುಗಳಲ್ಲಿ "ಕಥಾಮಾಲೆ" ಅಂತ ಬರೆದರು. 1894ರಲ್ಲಿ ಅವರ ನಿಘಂಟು ಬಂತು. ಹೇಳೋಕೆ ಬಂದವನು ಮೊದಲು ಎಷ್ಟು ಕೇಳಿಸಿಕೊಳ್ಳಬೇಕು ಅನ್ನೋದಕ್ಕೆ ನನಗೆ ಅವರೇ ಉದಾಹರಣೆ.

ಅಷ್ಟು ದೂರ ಯಾಕೆ, ನಮ್ಮಜ್ಜಿ ಮೂರನೇ ಕ್ಲಾಸು. ಒಂದು ವಚನದ ನಂಬರೂ ಹೇಳೋಕೆ ಬರ್ತಿರಲಿಲ್ಲ. ಆದರೆ ಯೋಸೇಫನ ಕತೆ ಹೇಳಿದರೆ ಪೂರ್ತಿ ಹೇಳೋರು. ಪಾನದಾಯಕ ಅರಮನೆಗೆ ವಾಪಸ್ ಹೋದ ಮೇಲೆ ಯೋಸೇಫನನ್ನ ಮರೆತೇಬಿಟ್ಟಿದ್ದು, ಅದಾಗಿ ಇನ್ನೂ ಎರಡು ವರ್ಷ ಅವನು ಸೆರೆಮನೆಯಲ್ಲೇ ಕೊಳೆತದ್ದು, ಅದನ್ನ ಬಿಟ್ಟು ಮುಂದೆ ಹೋಗ್ತಿರಲಿಲ್ಲ. "ಬೇಗ ಅರಮನೆಗೆ ಬಾ ಅಜ್ಜಿ" ಅಂದರೆ "ಇರು ಮಗಾ, ಅವನು ಕಾದ, ನೀನೂ ಕಾಯಿ" ಅನ್ನೋರು. ಬೈಬಲ್ ಅರ್ಥ ಮಾಡ್ಕೊಂಡಿದ್ದು ನಮ್ಮಜ್ಜಿ. ಡಬ್ಬಿ ಗೆದ್ದಿದ್ದು ನಾನು!

ಈಗ ನನ್ನ ಕ್ಲಾಸಿನಲ್ಲಿ ಬಾಯಿಪಾಠ ನಿಲ್ಲಿಸಿಲ್ಲ, ಅದೂ ಬೇಕು. ಆದರೆ ವಚನ ಹೇಳೋಕೆ ಮುಂಚೆ ಇಡೀ ಅಧ್ಯಾಯ ಜೋರಾಗಿ ಓದ್ತೀವಿ. ಯಾರು ಯಾರಿಗೆ ಹೇಳಿದ್ದು, ಅವತ್ತು ಕೇಳಿದವರಿಗೆ ಏನನ್ನಿಸಿರಬಹುದು ಅಂತ ಹುಡುಗರನ್ನ ಕೇಳ್ತೀನಿ. ಆಮೇಲೆ ಒಬ್ಬರು ಅದನ್ನ ಮನೆ ಮಾತಿನಲ್ಲಿ ಹೇಳಬೇಕು, ಅಮ್ಮನಿಗೆ ಹೇಳಿದ ಹಾಗೆ. ನನಗೆ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಕಣ್ರೋ, ಓದ್ಕೊಂಡು ಬರ್ತೀನಿ" ಅಂತೀನಿ. ಮೊದಮೊದಲು ಈ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಆ ಹುಡುಗ ಈಗಲೂ ಚರ್ಚಿಗೆ ಬರ್ತಿಲ್ಲ. ಆದರೆ ಫೋನ್ ಮಾಡಿದರೆ ಎತ್ತುತ್ತಾನೆ, ತಿಂಗಳಿಗೊಂದು ಸಲ ಅದೇ ಬೇಕರಿ ಮುಂದೆ ಸಿಗ್ತೀವಿ. ನಾನು ವಚನ ಕಳಿಸೋದು ಬಿಟ್ಟಿದ್ದೀನಿ. ಅವನೇ ಹೋದ ಸಲ ಕೇಳಿದ, "ಅಣ್ಣಾ, ಆ ಬಾಬೆಲಿನಲ್ಲಿದ್ದೋರು ತೋಟ ಮಾಡಿದ್ರಾ?" ಅಂತ. ಬಾ, ಕೂತು ಮುಂದಿನದನ್ನೂ ಓದೋಣ ಅಂದಿದ್ದೀನಿ. ನೋಡೋಣ.

ಈ ವರ್ಷದ ನನ್ನ ಕಾರ್ಡೂ ಫ್ರಿಜ್ಜಿನ ಮೇಲಿದೆ. ಅದರ ಹಿಂದೆ ಪೆನ್ನಿನಲ್ಲಿ ಅಧ್ಯಾಯದ ನಂಬರು ದೊಡ್ಡದಾಗಿ ಬರೆದುಕೊಂಡಿದ್ದೀನಿ, ಪೂರ್ತಿ ಓದದೆ ಯಾರಿಗೂ ಹೇಳಬಾರದು ಅಂತ.

ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಾವ ವಚನ ಇದೆ? ಅದರ ಹಿಂದಿನ ಸಾಲಿನಲ್ಲಿ ಏನಿದೆ ಅಂತ ಯಾವತ್ತಾದರೂ ನೋಡಿದ್ದೀರಾ?